ಮೊದಲು ಮೋಟಾರು, ಕೊನೆಗೆ ಬೋರ್ಡು



ಮನೆಯಲ್ಲೊಂದು ಪುಟ್ಟ ರೋಬಾಟ್ ಕಟ್ಟಬೇಕೆಂದು ಹೊರಟವರು ಎಲ್ಲಕ್ಕಿಂತ ಮೊದಲು ಕೇಳುವುದು, "ಯಾವ ಬೋರ್ಡು ತಗೊಳ್ಳಲಿ?" ಎಂದು. ಹೈಸ್ಕೂಲಿನ ಮಕ್ಕಳೂ ಇದನ್ನೇ ಕೇಳುತ್ತಾರೆ, ಅವರ ಜೊತೆಗೆ ಬಂದ ಅಪ್ಪ-ಅಮ್ಮಂದಿರೂ ಇದನ್ನೇ ಕೇಳುತ್ತಾರೆ. ಆರ್ಡುಯಿನೊ ಸಾಕೇ, ಇಎಸ್‌ಪಿ32 ಬೇಕೇ, ರಾಸ್ಪ್‌ಬೆರಿ ಪೈ ತಂದುಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ? ಪ್ರಶ್ನೆ ಸಹಜವಾದದ್ದೇ. ಬೋರ್ಡೆಂದರೆ ರೋಬಾಟಿನ ಮಿದುಳು, ಮಿದುಳು ದೊಡ್ಡದಾದಷ್ಟೂ ರೋಬಾಟ್ ಚುರುಕು ಎಂಬ ನಂಬಿಕೆ ಅದರ ಹಿಂದಿದೆ. ಆದರೆ ಮನೆಯಲ್ಲಿ ಕಟ್ಟಿದ ರೋಬಾಟುಗಳು ಅರ್ಧದಾರಿಯಲ್ಲಿ ನಿಲ್ಲುವುದನ್ನು ನೋಡುತ್ತ ಬಂದಿದ್ದೇನೆ. ಮಿದುಳು ಸಾಲದೆ ನಿಂತದ್ದು ತೀರ ಅಪರೂಪ. ನಿಂತವೆಲ್ಲ ಹೆಚ್ಚುಕಡಿಮೆ ಮೋಟಾರು ಮತ್ತು ಬ್ಯಾಟರಿಯ ಲೆಕ್ಕ ತಪ್ಪಿ ನಿಂತವು. ಹಾಗಾಗಿ ಇವತ್ತು ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು: ಮೋಟಾರನ್ನು ಮೊದಲು ಆರಿಸಿ, ಬೋರ್ಡನ್ನು ಎಲ್ಲಕ್ಕಿಂತ ಕೊನೆಗೆ.

ಒಂದು ಗಾಡಿಯನ್ನೇ ಎದುರಿಗಿಟ್ಟುಕೊಂಡು ಮಾತಾಡೋಣ. ರೇಡಿಯೋದಲ್ಲಿ ಚಿತ್ರ ತೋರಿಸಲಾಗದು, ಮಾತಿನಲ್ಲೇ ಕಟ್ಟಿಕೊಡುತ್ತೇನೆ. ಎರಡು ಅಂಗೈ ಅಗಲದ ಪ್ಲೈವುಡ್ ಹಲಗೆ. ಹಿಂದೆ ಎಡಕ್ಕೊಂದು, ಬಲಕ್ಕೊಂದು ಚಕ್ರ. ಒಂದೊಂದಕ್ಕೂ ತನ್ನದೇ ಮೋಟಾರು. ಮುಂದುಗಡೆ ಎತ್ತ ಬೇಕಾದರೂ ತಿರುಗುವ ಪುಟ್ಟ ಕ್ಯಾಸ್ಟರ್ ಚಕ್ರ. ಮೂತಿಯಲ್ಲಿ ಎರಡು ದುಂಡು ಡಬ್ಬಿಗಳ ಅಲ್ಟ್ರಾಸಾನಿಕ್ ಸೆನ್ಸರ್, ಒಂದು ಕೂಗುತ್ತದೆ, ಇನ್ನೊಂದು ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುತ್ತದೆ. ಆ ಸೆನ್ಸರನ್ನು ಎಡಬಲ ತಿರುಗಿಸಲು ಒಂದು ಸಣ್ಣ ಸರ್ವೋ ಮೋಟಾರು. ಗೋಡೆ, ಕುರ್ಚಿ, ಮಂಚದ ಕಾಲು ಯಾವುದಕ್ಕೂ ತಾಗದೆ ಕೋಣೆಯಲ್ಲಿ ಓಡಾಡುವುದಷ್ಟೇ ಈ ಗಾಡಿಯ ಕೆಲಸ.

ಚಕ್ರಕ್ಕೆ ಹಳದಿ ಪ್ಲಾಸ್ಟಿಕ್ ಗೇರುಪೆಟ್ಟಿಗೆಯ ಮೋಟಾರು ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದಕ್ಕೆ ಬಿ.ಓ. ಮೋಟಾರ್ ಎಂದೇ ಹೆಸರು. ಅಂಗಡಿಯವರು ವೋಲ್ಟು ಹೇಳುತ್ತಾರೆ, 3ರಿಂದ 6 ಎಂದು. ನೀವು ತಿಳಿದುಕೊಳ್ಳಬೇಕಾದದ್ದು ಆಂಪಿಯರು. ಚಕ್ರ ಗಾಳಿಯಲ್ಲಿ ಆರಾಮವಾಗಿ ತಿರುಗುವಾಗ ಈ ಮೋಟಾರು ಸುಮಾರು 150 ಮಿಲಿಆಂಪಿಯರ್ ಎಳೆಯುತ್ತದೆ. ಅದೇ ಚಕ್ರ ಚಾಪೆಯ ಅಂಚಿಗೆ ಸಿಕ್ಕಿ ನಿಂತುಬಿಟ್ಟರೆ ಎಳೆತ ಒಂದು ಆಂಪಿಯರನ್ನೂ ದಾಟುತ್ತದೆ. ಕಾರಣ ಇದು: ತಿರುಗುವ ಮೋಟಾರು ತಾನೂ ಒಂದು ಜನರೇಟರ್ ಆಗಿ, ಬ್ಯಾಟರಿಗೆ ಎದುರಾಗಿ ವೋಲ್ಟೇಜನ್ನು ಹುಟ್ಟಿಸುತ್ತದೆ. ನಿಂತಾಗ ಆ ಎದುರು ಒತ್ತಡ ಇಲ್ಲ. ತಾಮ್ರದ ಸುರುಳಿಯ ಅತ್ಯಲ್ಪ ರೋಧ ಮಾತ್ರ ವಿದ್ಯುತ್ತನ್ನು ತಡೆಯಬೇಕು. ಗಾಡಿ ಹೊರಡುವ ಮೊದಲ ಕ್ಷಣದಲ್ಲೂ ಚಕ್ರ ನಿಂತೇ ಇರುತ್ತದೆ, ಅಲ್ಲವೇ? ಅಂದರೆ ಪ್ರತಿ ಸಲ ಹೊರಟಾಗಲೂ, ಪ್ರತಿ ಸಲ ದಿಕ್ಕು ಬದಲಿಸಿದಾಗಲೂ ಎರಡು ಮೋಟಾರುಗಳು ಸೇರಿ ಎರಡು ಆಂಪಿಯರಿಗೂ ಮಿಗಿಲಾಗಿ ಕೇಳುತ್ತವೆ.

ಆರ್ಡುಯಿನೊ ಉನೊ ಬೋರ್ಡಿನ ಒಂದು ಪಿನ್ನು ನೆಮ್ಮದಿಯಿಂದ ಕೊಡಬಲ್ಲದ್ದು 20 ಮಿಲಿಆಂಪಿಯರ್. 40 ಅದರ ಕಟ್ಟಕಡೆಯ ಮಿತಿ. 2023ರಲ್ಲಿ ಬಂದ ಉನೊ ಆರ್4 ಹೆಚ್ಚು ವೇಗದ ಬೋರ್ಡು, ಆದರೆ ಅದರ ಪಿನ್ನು ಕೊಡುವುದು 8 ಮಿಲಿಆಂಪಿಯರ್ ಮಾತ್ರ. ಹೊಸದು ಎಲ್ಲದರಲ್ಲೂ ಬಲಿಷ್ಠ ಎಂದುಕೊಳ್ಳಬೇಡಿ. ಎತ್ತಿನ ಮೂಗುದಾರ ಹಿಡಿದು ನಡೆಸುವ ಹುಡುಗ ಗಾಡಿಯನ್ನು ತಾನೇ ಎಳೆಯುವುದಿಲ್ಲ, ದಾರಿ ತೋರುತ್ತಾನೆ ಅಷ್ಟೆ. ಬೋರ್ಡೂ ಹಾಗೆಯೇ. ಎಳೆಯುವುದು ಬ್ಯಾಟರಿ. ಬೋರ್ಡಿನ ಸಣ್ಣ ಸೂಚನೆಯನ್ನು ಕೇಳಿ ಬ್ಯಾಟರಿಯ ದೊಡ್ಡ ವಿದ್ಯುತ್ತನ್ನು ಮೋಟಾರಿಗೆ ಬಿಡುವುದಕ್ಕೆ ನಡುವೆ ಮೋಟಾರ್ ಡ್ರೈವರ್ ಎಂಬ ಇನ್ನೊಂದು ಚಿಕ್ಕ ಬೋರ್ಡು ಬೇಕು.

ಈ ಡ್ರೈವರನ್ನು ಆರಿಸುವಾಗ ಸ್ವಲ್ಪ ತಾಳ್ಮೆ ಇರಲಿ. ಗಾಡಿ ಓಡುವುದೋ ತೆವಳುವುದೋ ಇಲ್ಲಿ ತೀರ್ಮಾನವಾಗುತ್ತದೆ. ಎಲ್ಲೆಡೆ ಸಿಗುವುದು ಎಲ್298, ಕೆಂಪು ಬೋರ್ಡಿನ ಮೇಲೆ ಕಪ್ಪು ಅಲ್ಯೂಮಿನಿಯಂ ರೆಕ್ಕೆ ಹೊತ್ತಿರುತ್ತದೆ. ಗಟ್ಟಿಮುಟ್ಟಾದ ಚಿಪ್, ಒಂದೊಂದು ಮೋಟಾರಿಗೂ 2 ಆಂಪಿಯರ್ ತನಕ ತಡೆಯುತ್ತದೆ. ಆದರೆ ಹಳೆಯ ಮಾದರಿಯ ಟ್ರಾನ್ಸಿಸ್ಟರುಗಳಿಂದ ಕಟ್ಟಿದ್ದರಿಂದ ಸುಮಾರು 2 ವೋಲ್ಟನ್ನು ತಾನೇ ನುಂಗಿ ಶಾಖವಾಗಿ ಬಿಡುತ್ತದೆ. ಆ ರೆಕ್ಕೆ ಇರುವುದೇ ಅದಕ್ಕೆ. ನಾಲ್ಕು ರೀಚಾರ್ಜ್ ಸೆಲ್ಲುಗಳ 4.8 ವೋಲ್ಟು ಕೊಟ್ಟರೆ ಮೋಟಾರಿಗೆ ತಲುಪುವುದು 3ರ ಆಸುಪಾಸು, ಗಾಡಿ ನರಳುತ್ತದೆ. ಇನ್ನೊಂದು ಚಿಪ್ ಟಿಬಿ6612. ಇದರಲ್ಲಿರುವುದು ಮಾಸ್‌ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರುಗಳು, ರೋಧ ಅರ್ಧ ಓಮ್‌ನಷ್ಟು. ಸತತವಾಗಿ 1.2 ಆಂಪಿಯರ್, ಕ್ಷಣಮಾತ್ರಕ್ಕೆ 3.2 ಕೊಡಬಲ್ಲದು. ಬೆರಳುಗುರಿನಷ್ಟು ಚಿಕ್ಕದು, ಬಿಸಿಯಾಗುವುದೂ ಕಡಿಮೆ. ನಮ್ಮ ಗಾಡಿಗೆ ನಾನು ಹೇಳುವುದು ಇದನ್ನೇ.

ಬ್ಯಾಟರಿಯ ವಿಚಾರದಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಮಲ್ಟಿಮೀಟರಿನೊಳಗೆ ಹಾಕುವ ಚೌಕಾಕಾರದ 9 ವೋಲ್ಟ್ ಬ್ಯಾಟರಿಯನ್ನು ಚಕ್ರದ ಮೋಟಾರಿಗೆ ಕೊಡಬೇಡಿ. ಅಂಕಿಯಲ್ಲಿ 9 ಇದ್ದರೂ ಅದರ ಒಳರೋಧ ಹೆಚ್ಚು. ಒಂದು ಆಂಪಿಯರ್ ಕೇಳಿದ ಕೂಡಲೇ ವೋಲ್ಟೇಜು ಕುಸಿಯುತ್ತದೆ. ಆಗ ನಡೆಯುವುದು ನೋಡಿ: ಗಾಡಿ ಗೇಣುದ್ದ ಹೋಗುತ್ತದೆ, ತಡೆಯುತ್ತದೆ, ಮತ್ತೆ ಗೇಣುದ್ದ ಹೋಗುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪಿದೆಯೆಂದು ಮಕ್ಕಳು ರಾತ್ರಿಯೆಲ್ಲ ಸಾಲು ಸಾಲಾಗಿ ಹುಡುಕುತ್ತಾರೆ. ಅಲ್ಲಿ ತಪ್ಪೇ ಇರುವುದಿಲ್ಲ. ಮೋಟಾರು ಎಳೆದಾಗ ವೋಲ್ಟೇಜು ಬಿದ್ದು ಬೋರ್ಡು ರೀಸೆಟ್ ಆಗುತ್ತಿರುತ್ತದೆ, ಎದ್ದು ಮೊದಲಿನಿಂದ ಶುರುಮಾಡುತ್ತಿರುತ್ತದೆ. ಇದನ್ನು ಹಿಡಿಯಲು ಸುಲಭದ ಉಪಾಯವಿದೆ. ಪ್ರೋಗ್ರಾಮಿನ ಆರಂಭದ ಭಾಗದಲ್ಲಿ, 13ನೇ ಪಿನ್ನಿಗೆ ಸೇರಿದ ಪುಟ್ಟ ದೀಪ ಮೂರು ಸಲ ಮಿನುಗುವಂತೆ ಬರೆಯಿರಿ. ಗಾಡಿ ಓಡುತ್ತಿರುವಾಗ ನಡುವೆ ಆ ಮಿನುಗು ಕಂಡರೆ ಬೋರ್ಡು ರೀಸೆಟ್ ಆಯಿತೆಂದೇ ಅರ್ಥ. ಆಗ ಕಂಪ್ಯೂಟರ್ ಮುಚ್ಚಿ, ಬ್ಯಾಟರಿಯ ಕಡೆ ನೋಡಿ.

18650 ಎಂಬ ಲಿಥಿಯಂ ಸೆಲ್ಲುಗಳು ಎರಡಿದ್ದರೆ 7.4 ವೋಲ್ಟು, ಪೂರ್ತಿ ತುಂಬಿದಾಗ 8.4. ಟಿಬಿ6612 ಹೆಚ್ಚೇನೂ ನುಂಗದೆ ಹೆಚ್ಚುಕಡಿಮೆ ಇಷ್ಟನ್ನೂ ಮೋಟಾರಿಗೆ ಕೊಟ್ಟುಬಿಡುತ್ತದೆ. ಆದ್ದರಿಂದ ಪ್ರೋಗ್ರಾಮಿನಲ್ಲಿ ಮೋಟಾರಿಗೆ ಕೊಡುವ ವೇಗದ ಅಂಕಿ 255ರ ತನಕ ಹೋಗಬಹುದಾದರೂ 180ಕ್ಕೇ ನಿಲ್ಲಿಸಿ. 6 ವೋಲ್ಟಿನ ಮೋಟಾರು ಉಳಿಯುತ್ತದೆ. ಬೋರ್ಡಿಗೆ ಬೇಕಾದ 5 ವೋಲ್ಟನ್ನು ವೋಲ್ಟೇಜನ್ನು ಇಳಿಸುವ ಒಂದು ಬಕ್ ಕನ್ವರ್ಟರಿನಿಂದ ಪಡೆಯಿರಿ. ಅದರ ತಿರುಪನ್ನು ತಿರುಗಿಸಿ, ಮಲ್ಟಿಮೀಟರಿನಲ್ಲಿ ಸರಿಯಾಗಿ 5 ಕಂಡ ಮೇಲೆಯೇ ಬೋರ್ಡಿಗೆ ಜೋಡಿಸಬೇಕು. ಲಿಥಿಯಂ ಸೆಲ್ಲು ಶಾರ್ಟ್ ಆದರೆ ತಂತಿ ಕೆಂಪಗಾಗುವಷ್ಟು ವಿದ್ಯುತ್ತು ಹರಿಯುತ್ತದೆ, ಬೆಂಕಿಯೂ ಹತ್ತಬಹುದು. ಫ್ಯೂಸ್ ಹಾಕಿ, ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲನ್ನೇ ಕೊಳ್ಳಿ, ಚಾರ್ಜಿಗಿಟ್ಟು ಮಲಗಬೇಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ವೇಗ ಕಡಿಮೆಯಾದರೂ ಚಿಂತೆಯಿಲ್ಲ, ರೀಚಾರ್ಜ್ ಆಗುವ ಮಾಮೂಲಿ ಪೆನ್‌ಸೆಲ್ಲುಗಳೇ ಇರಲಿ ಎನ್ನುವವನು ನಾನು. ಯಾವ ಬ್ಯಾಟರಿಯಾದರೂ ಅದರ, ಡ್ರೈವರಿನ, ಬೋರ್ಡಿನ ಗ್ರೌಂಡ್ ತಂತಿಗಳು ಮೂರೂ ಒಂದು ಕಡೆ ಸೇರಲೇಬೇಕು. ಸೇರದಿದ್ದರೆ ಬೋರ್ಡು ಹೇಳಿದ್ದು ಡ್ರೈವರಿಗೆ ಅರ್ಥವಾಗುವುದಿಲ್ಲ.

ಈಗ ಬೋರ್ಡು. ನಮ್ಮ ಗಾಡಿಗೆ ಎಷ್ಟು ಪಿನ್ನು ಬೇಕು? ಒಂದೊಂದು ಮೋಟಾರಿಗೆ ದಿಕ್ಕಿಗೆ ಎರಡು, ವೇಗಕ್ಕೆ ಒಂದು, ಒಟ್ಟು 6. ಸೆನ್ಸರಿಗೆ 2, ಸರ್ವೋಗೆ 1. ಚಕ್ರ ಎಷ್ಟು ತಿರುಗಿತೆಂದು ಎಣಿಸುವ ಎನ್‌ಕೋಡರುಗಳಿಗೆ 2. ಹನ್ನೊಂದಾಯಿತು. ಉನೊದಲ್ಲಿ ಡಿಜಿಟಲ್ ಪಿನ್ನುಗಳು 14, ಅನಲಾಗ್ ಪಿನ್ನುಗಳು 6, ಆ ಆರನ್ನೂ ಡಿಜಿಟಲ್ಲಾಗಿ ಬಳಸಬಹುದು. ಸಾಕಷ್ಟಾಯಿತು. ಆದರೆ ಎಲ್ಲ ಪಿನ್ನುಗಳೂ ಒಂದೇ ಅಲ್ಲ, ಮೋಜಿರುವುದು ಅಲ್ಲೇ. ಕಾಗದ ಪೆನ್ಸಿಲ್ ಹತ್ತಿರವಿದ್ದರೆ ಗುರುತು ಹಾಕಿಕೊಳ್ಳಿ. ಸೊನ್ನೆ ಮತ್ತು 1 ಕಂಪ್ಯೂಟರಿನ ಜೊತೆ ಮಾತಾಡುವ ಪಿನ್ನುಗಳು, ಅಲ್ಲಿ ಏನನ್ನೂ ಜೋಡಿಸಬೇಡಿ. ಕೈಯಲ್ಲಿದ್ದ ಕೆಲಸ ಬಿಟ್ಟು ತಕ್ಷಣ ಗಮನ ಕೊಡಿಸುವ ಇಂಟರಪ್ಟ್ ಸೌಕರ್ಯ ಇರುವ ಪ್ರತ್ಯೇಕ ಪಿನ್ನುಗಳು ಎರಡೇ, 2 ಮತ್ತು 3. ಎರಡು ಚಕ್ರದ ಎನ್‌ಕೋಡರುಗಳಿಗೆ ಅವು ಮೀಸಲು. ವೇಗ ನಿಯಂತ್ರಿಸಬಲ್ಲವು 3, 5, 6, 9, 10, 11. ಅದರಲ್ಲಿ 3 ಆಗಲೇ ಹೋಯಿತು. ಸರ್ವೋ ಲೈಬ್ರರಿ ಬಳಸಿದ ಕೂಡಲೇ 9 ಮತ್ತು 10ರಲ್ಲಿ ವೇಗ ನಿಯಂತ್ರಣ ನಿಂತುಹೋಗುತ್ತದೆ, ಏಕೆಂದರೆ ಆ ಪಿನ್ನುಗಳ ಟೈಮರನ್ನು ಸರ್ವೋ ತನಗೆ ತೆಗೆದುಕೊಳ್ಳುತ್ತದೆ. ಹಾಗಾಗಿ ಸರ್ವೋ 9ಕ್ಕೆ, ಮೋಟಾರಿನ ವೇಗ 5 ಮತ್ತು 6ಕ್ಕೆ, ದಿಕ್ಕುಗಳು 4, 7, 8, 12ಕ್ಕೆ, ಸೆನ್ಸರ್ ಎ0 ಮತ್ತು ಎ1ಕ್ಕೆ. 13ರ ದೀಪ ನಮ್ಮ ರೀಸೆಟ್ ಕಾವಲಿಗೆ ಉಳಿಯಿತು. ಬೋರ್ಡು ಕೊಳ್ಳುವ ಮೊದಲೇ ಇಂಥದೊಂದು ಪಟ್ಟಿ ಬರೆದವರಿಗೆ ಯಾವ ಬೋರ್ಡು ಎಂಬ ಪ್ರಶ್ನೆ ತಾನಾಗಿಯೇ ಹಗುರವಾಗುತ್ತದೆ.

ಆರ್4ಕ್ಕೆ ಮೊದಲಿನ ಉನೊದ ಚಿಪ್ಪು ಎಟಿಮೆಗಾ328. ವೇಗ 16 ಮೆಗಾಹರ್ಟ್ಸ್, ಪ್ರೋಗ್ರಾಮಿಗೆ ಜಾಗ 32 ಕಿಲೋಬೈಟ್, ಕೆಲಸದ ನೆನಪು ಬರೀ 2 ಕಿಲೋಬೈಟ್. ಇಷ್ಟರಲ್ಲಿ ಏನಾದೀತು ಎನ್ನುವವರಿಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಗ್ರೇ ವಾಲ್ಟರರ ಹೆಸರು ಹೇಳಬೇಕು. ಮಿದುಳಿನ ವಿದ್ಯುತ್ತನ್ನು ಅಧ್ಯಯನ ಮಾಡುತ್ತಿದ್ದ ಈ ವಿಜ್ಞಾನಿ 1948-49ರಲ್ಲಿ ಎಲ್ಮರ್, ಎಲ್ಸಿ ಎಂಬ ಎರಡು ಆಮೆಗಳನ್ನು ಕಟ್ಟಿದರು. ಮೂರು ಚಕ್ರ, ಬೆಳಕು ಕಾಣಲು ಒಂದು ಫೋಟೋಸೆಲ್, ಮೈ ತಾಗಿದ್ದು ತಿಳಿಯಲು ಒಂದು ಸ್ವಿಚ್ಚು, ಮಿದುಳಾಗಿ ಎರಡು ರೇಡಿಯೋ ವಾಲ್ವುಗಳು. ಪ್ರೋಗ್ರಾಮಿಲ್ಲ, ನೆನಪಿನ ಚಿಪ್ಪಿಲ್ಲ. ಆ ಆಮೆಗಳು ಬೆಳಕನ್ನು ಅರಸಿ ಹೋಗುತ್ತಿದ್ದವು, ಅಡ್ಡ ಬಂದದ್ದನ್ನು ಬಳಸಿಕೊಂಡು ಸಾಗುತ್ತಿದ್ದವು, ಬ್ಯಾಟರಿ ಕುಂದಿದಾಗ ದೀಪವಿರುವ ತಮ್ಮ ಗೂಡಿಗೆ ಮರಳಿ ಚಾರ್ಜ್ ಮಾಡಿಕೊಳ್ಳುತ್ತಿದ್ದವು. ಅದೆಲ್ಲ ಎರಡು ವಾಲ್ವುಗಳಿಂದ ಆದದ್ದು ಎಂದಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಹಾಗಾದರೆ ದೊಡ್ಡ ಬೋರ್ಡು ಯಾವಾಗ ಬೇಕು? ಕೆಲಸ ಬದಲಾದಾಗ. ಗಾಡಿಯನ್ನು ಮೊಬೈಲಿನಿಂದ ನಡೆಸಬೇಕೆಂದರೆ ವೈಫೈ, ಬ್ಲೂಟೂತ್ ಎರಡೂ ಇರುವ ಇಎಸ್‌ಪಿ32 ಸರಿಯಾದ ಆಯ್ಕೆ. ಎರಡು ಕೋರ್, 240 ಮೆಗಾಹರ್ಟ್ಸ್, 520 ಕಿಲೋಬೈಟ್ ನೆನಪು. ಬೆಲೆಯೂ ಕೆಲವೇ ನೂರು ರೂಪಾಯಿ. ಆದರೆ ಅದು 3.3 ವೋಲ್ಟಿನದು. ಅಲ್ಟ್ರಾಸಾನಿಕ್ ಸೆನ್ಸರ್ ಉತ್ತರ ಕೊಡುವುದು 5 ವೋಲ್ಟಿನಲ್ಲಿ; ನೇರ ಜೋಡಿಸಿದರೆ ಪಿನ್ನು ಹಾಳಾಗಬಹುದು. ನಡುವೆ 1 ಕಿಲೋಓಮ್, 2 ಕಿಲೋಓಮ್ ರೆಸಿಸ್ಟರುಗಳನ್ನಿಟ್ಟು 5ನ್ನು 3.3ಕ್ಕೆ ಇಳಿಸಿಕೊಳ್ಳಬೇಕು. ಜೊತೆಗೆ, 34ರಿಂದ 39ರವರೆಗಿನ ಪಿನ್ನುಗಳು ಕೇಳಿಸಿಕೊಳ್ಳಬಲ್ಲವು, ಹೇಳಲಾರವು. ವೈಫೈ ನಡೆಯುತ್ತಿರುವಾಗ ಕೆಲವು ಅನಲಾಗ್ ಪಿನ್ನುಗಳು ಓದುವುದಿಲ್ಲ. ಇವೆಲ್ಲ ದೋಷಗಳಲ್ಲ, ಆ ಬೋರ್ಡಿನ ಸ್ವಭಾವ. ಪೈಥಾನಿನಲ್ಲಿ ಬರೆಯುವ ಆಸೆಯಿದ್ದರೆ 2021ರ ಜನವರಿಯಲ್ಲಿ 4 ಡಾಲರಿಗೆ ಬಂದ ರಾಸ್ಪ್‌ಬೆರಿ ಪೈ ಪಿಕೊ ಚೆನ್ನಾಗಿದೆ. ನಮ್ಮ ದೇಶದಲ್ಲೇ ವಿನ್ಯಾಸಗೊಂಡ ಪ್ರೊಸೆಸರಿನ ಮೇಲೆ ಕೈಯಾಡಿಸಬೇಕೆನ್ನುವವರಿಗೆ ಸಿ-ಡ್ಯಾಕ್ ಸಂಸ್ಥೆಯ ತೇಜಸ್32 ಚಿಪ್ಪಿನ ಏರೀಸ್ ಬೋರ್ಡುಗಳಿವೆ.

ಕ್ಯಾಮೆರಾ ಬೇಕೆಂದರೆ ಲೆಕ್ಕ ನೋಡಿ. 320ಕ್ಕೆ 240 ಚುಕ್ಕಿಗಳ ಒಂದು ಕಪ್ಪುಬಿಳುಪು ಚಿತ್ರಕ್ಕೆ 76,800 ಬೈಟುಗಳು. ಉನೊದ 2 ಕಿಲೋಬೈಟಿನಲ್ಲಿ ಅದರ ಒಂದು ಅಂಚಷ್ಟೇ ಹಿಡಿಸೀತು. ಆಗ ರಾಸ್ಪ್‌ಬೆರಿ ಪೈ ನ್ಯಾಯವಾಗಿಯೇ ಬೇಕು. ಅದು ಲಿನಕ್ಸ್ ನಡೆಸುವ ಪೂರ್ಣ ಕಂಪ್ಯೂಟರು. ನೂರು ಕೆಲಸಗಳನ್ನು ಏಕಕಾಲಕ್ಕೆ ನೋಡಿಕೊಳ್ಳುವುದರಿಂದ ಒಂದು ಮೋಟಾರಿನ ಕರೆಗೆ ಹೇಳಿದ ಕ್ಷಣಕ್ಕೇ ಓಗೊಡುತ್ತದೆ ಎನ್ನಲಾಗದು. ವಿದ್ಯುತ್ತನ್ನು ಹಠಾತ್ತನೆ ಕಡಿದರೆ ಮೆಮೊರಿ ಕಾರ್ಡು ಕೆಡಲೂಬಹುದು. ನೋಡುವ ಕೆಲಸ ಪೈಗೆ, ಚಕ್ರದ ಕೆಲಸ ಉನೊಗೆ ಎಂದು ಹಂಚಿ, ಇಬ್ಬರ ನಡುವೆ ಒಂದು ಯುಎಸ್‌ಬಿ ತಂತಿ ಎಳೆಯುವುದೇ ಮೇಲು.

ಮೊದಲ ಗಾಡಿಗೆ ಮಾತ್ರ ನಾನು ಉನೊವನ್ನೇ ಹೇಳುತ್ತೇನೆ. ಆರ್ಡುಯಿನೊ ಹುಟ್ಟಿದ್ದೇ ಕಲಿಯುವವರಿಗಾಗಿ. ಇಟಲಿಯ ಇವ್ರೆಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ, ಎಂಜಿನಿಯರಿಂಗ್ ಓದದ ವಿದ್ಯಾರ್ಥಿಗಳಿಗೆಂದು 2005ರಲ್ಲಿ ಮಸ್ಸಿಮೊ ಬಾಂಜಿ ಮತ್ತು ಜೊತೆಗಾರರು ಆರ್ಡುಯಿನೊ ರೂಪಿಸಿದರು. ಅದೇ ಶಾಲೆಯ ವಿದ್ಯಾರ್ಥಿ ಎರ್ನಾಂಡೊ ಬರಗಾನ್ ಮಾಡಿದ್ದ ವೈರಿಂಗ್ ಎಂಬ ಕೆಲಸ ಅದರ ತಳಪಾಯ. ಅವರನ್ನು ನೆನೆಯದೆ ಈ ಕಥೆ ಹೇಳುವುದು ಅನ್ಯಾಯ. ಬೋರ್ಡಿನ ನಕ್ಷೆಯನ್ನು ಎಲ್ಲರಿಗೂ ತೆರೆದಿಟ್ಟಿದ್ದರಿಂದಲೇ ಇವತ್ತು ಅಗ್ಗದ ಪ್ರತಿಗಳು ಸಿಗುತ್ತವೆ. ಅಗ್ಗದ ಪ್ರತಿ ಕೊಂಡಾಗ ಕಂಪ್ಯೂಟರಿಗೆ ಸಿಎಚ್340 ಎಂಬ ಚಿಪ್ಪಿನ ಡ್ರೈವರ್ ತಂತ್ರಾಂಶ ಬೇಕಾಗಬಹುದು, ಅದನ್ನು ನೋಡಿಕೊಳ್ಳಿ.

ಪ್ರೋಗ್ರಾಮಿಗೆ ಬರುತ್ತೇನೆ. ಎಲ್ಲ ಪಾಠಗಳೂ ಮೊದಲಿಗೆ ಕಲಿಸುವುದು 'ಡಿಲೇ' ಎಂಬ ಆಜ್ಞೆಯನ್ನು: ಇಷ್ಟು ಹೊತ್ತು ಸುಮ್ಮನಿರು. ದೀಪ ಮಿನುಗಿಸಲು ಅದು ಸರಿ, ಓಡುವ ಗಾಡಿಗೆ ಅಪಾಯ. ನಮ್ಮ ಚಕ್ರದ ವ್ಯಾಸ 65 ಮಿಲಿಮೀಟರ್, ಸುತ್ತಳತೆ 20 ಸೆಂಟಿಮೀಟರಿಗೆ ತುಸು ಹೆಚ್ಚು. ನಿಮಿಷಕ್ಕೆ 150 ಸುತ್ತು ಎಂದರೆ ಸೆಕೆಂಡಿಗೆ ಅರ್ಧ ಮೀಟರ್. ಒಂದು ಸೆಕೆಂಡು ಡಿಲೇ ಎಂದರೆ ಅರ್ಧ ಮೀಟರ್ ಕಣ್ಣುಮುಚ್ಚಿ ಓಡಿದಂತೆ. ಅಷ್ಟರಲ್ಲಿ ಗೋಡೆ ಬಂದಿರುತ್ತದೆ. ಪ್ರತಿಧ್ವನಿಗೆ ಕಾಯುವ 'ಪಲ್ಸ್‌ಇನ್' ಆಜ್ಞೆಯೂ ಹಾಗೆಯೇ. ಸೆನ್ಸರಿನ ತಂತಿ ಕಳಚಿದರೆ ಅದು ಪೂರಾ ಒಂದು ಸೆಕೆಂಡು ಕಾಯುತ್ತಲೇ ಇರುತ್ತದೆ. ಶಬ್ದ ಹೋಗಿಬರಲು ಸೆಂಟಿಮೀಟರಿಗೆ 58 ಮೈಕ್ರೊಸೆಕೆಂಡು ಬೇಕು. 2 ಮೀಟರಿನಾಚೆ ನಮಗೆ ಬೇಡವೆಂದಾದರೆ 12,000 ಮೈಕ್ರೊಸೆಕೆಂಡಿಗಿಂತ ಹೆಚ್ಚು ಕಾಯಬೇಡ ಎಂದು ಮಿತಿ ಹಾಕಿ. ಡಿಲೇ ಬದಲಿಗೆ 'ಮಿಲಿಸ್' ಎಂಬ ಗಡಿಯಾರವನ್ನು ಓದಿ, ಸಮಯ ಆಯಿತೇ ಎಂದು ಕೇಳುತ್ತ, ಆಗದಿದ್ದರೆ ಮುಂದಿನ ಕೆಲಸ ನೋಡುತ್ತ ಸಾಗುವಂತೆ ಬರೆಯಿರಿ. ಹೀಗೆ ಬರೆದ ಉನೊ, ಡಿಲೇ ತುಂಬಿದ ದೊಡ್ಡ ಬೋರ್ಡಿಗಿಂತ ಎಚ್ಚರವಾಗಿರುತ್ತದೆ.

ಓಡಿಸಿದಾಗ ಕಿವಿಯನ್ನೂ ಬಳಸಿ. ವೇಗದ ಅಂಕಿ ತೀರ ಕಡಿಮೆ ಕೊಟ್ಟರೆ ಗಾಡಿ ಕದಲದೆ ಕುಂಯ್ ಎಂದು ಹಾಡುತ್ತದೆ. 5 ಮತ್ತು 6ನೇ ಪಿನ್ನುಗಳು ವಿದ್ಯುತ್ತನ್ನು ಸೆಕೆಂಡಿಗೆ ಸುಮಾರು 980 ಸಲ ಕೊಟ್ಟು ಕಡಿಯುವುದರಿಂದ ಬರುವ ಸದ್ದು ಅದು. ಚಕ್ರ ನಿಂತು ಹಾಡುತ್ತಿದ್ದರೆ ಮೋಟಾರು ಸುಮ್ಮನೆ ಬಿಸಿಯಾಗುತ್ತಿದೆಯೆಂದು ತಿಳಿಯಿರಿ. ಎಷ್ಟು ಅಂಕಿಗೆ ನಿಮ್ಮ ಗಾಡಿ ಕದಲುತ್ತದೆಂದು ಬರೆದಿಟ್ಟುಕೊಂಡು ಅದಕ್ಕಿಂತ ಕೆಳಗೆ ಇಳಿಸಬೇಡಿ. ಎರಡು ಮೋಟಾರಿಗೂ ಒಂದೇ ಅಂಕಿ ಕೊಟ್ಟರೂ ಗಾಡಿ ನೆಟ್ಟಗೆ ಹೋಗದು. ಯಾವ ಎರಡು ಬಿ.ಓ. ಮೋಟಾರುಗಳೂ ಒಂದೇ ಸಮ ಇರುವುದಿಲ್ಲ. 20 ಸೀಳುಗಳ ಎನ್‌ಕೋಡರ್ ತಟ್ಟೆ ಹಾಕಿದರೆ ಒಂದೊಂದು ಸೀಳಿಗೆ ಗಾಡಿ ಒಂದು ಸೆಂಟಿಮೀಟರಿನಷ್ಟು ಮುಂದೆ ಹೋಗಿರುತ್ತದೆ. ಎಡಗಡೆಯ ಎಣಿಕೆ ಮುಂದಿದ್ದರೆ ಎಡ ಮೋಟಾರನ್ನು ತುಸು ತಗ್ಗಿಸಿ. ಇಷ್ಟನ್ನು ಮಾಡಿ ಗಾಡಿ ನೆಟ್ಟಗೆ ಹೋದ ದಿನ ನೀವು ನಿಯಂತ್ರಣಶಾಸ್ತ್ರದ ಮೊದಲ ಪಾಠವನ್ನು ಕಲಿತಿರುತ್ತೀರಿ.

ಎ2 ಮತ್ತು ಎ3 ಪಿನ್ನುಗಳು ಇನ್ನೂ ಖಾಲಿ ಉಳಿದಿವೆ. ಅವಕ್ಕೆ ಒಂದು ಪ್ರಯೋಗ. ಬೆಳಕಿಗೆ ರೋಧ ಇಳಿಯುವ ಎಲ್‌ಡಿಆರ್ ಎರಡನ್ನು ಗಾಡಿಯ ಮೂತಿಯ ಎಡಬಲಕ್ಕೆ ಹಚ್ಚಿ. ಒಂದೊಂದರ ಒಂದು ತುದಿ 5 ವೋಲ್ಟಿಗೆ, ಇನ್ನೊಂದು ತುದಿ ಪಿನ್ನಿಗೆ. ಆ ಪಿನ್ನಿನಿಂದ ಗ್ರೌಂಡಿಗೆ 10 ಕಿಲೋಓಮ್ ರೆಸಿಸ್ಟರ್. ಬೆಳಕು ಹೆಚ್ಚಿದಷ್ಟೂ ಓದುವ ಅಂಕಿ ಹೆಚ್ಚುತ್ತದೆ, ಸೊನ್ನೆಯಿಂದ 1023ರವರೆಗೆ. ಅದನ್ನು ನಮ್ಮ ವೇಗದ ಮಿತಿಗೆ ಇಳಿಸಿಕೊಳ್ಳಿ. ಎಡ ಎಲ್‌ಡಿಆರ್ ಎಡ ಮೋಟಾರಿಗೆ, ಬಲದ್ದು ಬಲಕ್ಕೆ. ಕತ್ತಲ ಕೋಣೆಯಲ್ಲಿ ಟಾರ್ಚ್ ಹಿಡಿದರೆ, ಬೆಳಕು ಬಿದ್ದ ಕಡೆಯ ಚಕ್ರ ಜೋರಾಗಿ, ಗಾಡಿ ಬೆಳಕಿಗೆ ಬೆನ್ನು ತಿರುಗಿಸಿ ಓಡುತ್ತದೆ. ಈಗ ಪ್ರೋಗ್ರಾಮಿನಲ್ಲಿ ಎರಡು ಹೆಸರುಗಳನ್ನು ಅದಲುಬದಲು ಮಾಡಿ: ಎಡದ್ದು ಬಲ ಮೋಟಾರಿಗೆ, ಬಲದ್ದು ಎಡಕ್ಕೆ. ಅದೇ ಗಾಡಿ ಟಾರ್ಚಿನ ಕಡೆಗೇ ತಿರುಗಿ, ಹತ್ತಿರವಾದಷ್ಟೂ ವೇಗ ಹೆಚ್ಚಿಸಿಕೊಂಡು ಮೇಲೇರಿ ಬರುತ್ತದೆ. ಮಿದುಳಿನ ವಿಜ್ಞಾನಿ ವ್ಯಾಲೆಂಟಿನೊ ಬ್ರೈಟನ್‌ಬರ್ಗ್ 1984ರ ತಮ್ಮ 'ವೆಹಿಕಲ್ಸ್' ಪುಸ್ತಕದಲ್ಲಿ ಮೊದಲನೆಯದಕ್ಕೆ ಭಯ, ಎರಡನೆಯದಕ್ಕೆ ಆಕ್ರಮಣ ಎಂದು ಹೆಸರಿಟ್ಟರು. ಮನೆಯ ಮಕ್ಕಳಿಗೆ ಯಾವ ಎಲ್‌ಡಿಆರ್ ಯಾವ ಮೋಟಾರಿಗೆ ಸೇರಿದೆಯೆಂದು ಮೊದಲೇ ಹೇಳಬೇಡಿ. ಗಾಡಿ ಓಡುವುದನ್ನು ನೋಡಿಯೇ ಅವರು ಊಹಿಸಲಿ.